ಉಮ್ಮನ ಎಂಟು ಅಡಿಕೆ



ಮಂಗಳೂರಿನಿಂದ ವಿಟ್ಲಕ್ಕೆ ಹೋಗುವ ಬಸ್ಸಿನಲ್ಲಿ ನೀವು ಎಂದಾದರೂ ಪ್ರಯಾಣ ಮಾಡಿದ್ದೀರಾ? ಇನ್ನು ಮುಂದೆ ಹೋಗುವುದಾದರೆ ಬಲಬದಿಯ ಕಿಟಕಿಯ ಪಕ್ಕ ಕುಳಿತುಕೊಳ್ಳಿ. ಅಡ್ಯಾರ್ ದಾಟಿದ ಮೇಲೆ ಫರಂಗಿಪೇಟೆ, ತುಂಬೆಯ ತನಕ ನೇತ್ರಾವತಿ ನದಿ ತೆಂಗಿನ ಮರಗಳ ಸಂದಿನಲ್ಲಿ ಒಮ್ಮೆ ಕಾಣಿಸುತ್ತದೆ, ಒಮ್ಮೆ ಮರೆಯಾಗುತ್ತದೆ. ಇಡೀ ಮಂಗಳೂರಿಗೆ ಕುಡಿಯುವ ನೀರು ಕೊಡುವ ಅಣೆಕಟ್ಟು ಇರುವುದು ಈ ತುಂಬೆಯಲ್ಲೇ. ಅಲ್ಲಿಂದ ಮುಂದೆ ಬಿ.ಸಿ. ರೋಡು. ಅದನ್ನು ದಾಟಿದರೆ ಪಾಣೆಮಂಗಳೂರಿನ ಸೇತುವೆ.

ಆ ಸೇತುವೆಯ ಮೇಲೆ ಬಸ್ಸು ಹೋಗುವಾಗಲೆಲ್ಲ ನನ್ನ ಉಮ್ಮ ನೆನಪಾಗುತ್ತಾರೆ. ಉಮ್ಮನಿಗೆ ಇಸವಿಗಳ ಲೆಕ್ಕ ಗೊತ್ತಿರಲಿಲ್ಲ. ತಾನು ಹುಟ್ಟಿದ ವರ್ಷವೂ ಗೊತ್ತಿರಲಿಲ್ಲ. ಆದರೆ ನಮ್ಮೆಲ್ಲರ ವಯಸ್ಸನ್ನು ಅವರು ಒಂದೇ ಅಳತೆಗೋಲಿನಿಂದ ಅಳೆಯುತ್ತಿದ್ದರು. "ಬಂಟ್ವಾಳ ಪೇಟೆ ನೀರಿನಲ್ಲಿ ಮುಳುಗಿದ ವರ್ಷ ನಿನ್ನ ಅಣ್ಣ ಹೊಟ್ಟೆಯಲ್ಲಿದ್ದ. ನೀನು ಅದಾಗಿ ಐದು ಮಳೆಗಾಲ ಕಳೆದು ಹುಟ್ಟಿದವ" ಎನ್ನುತ್ತಿದ್ದರು. ಅದು 1974ರ ನೆರೆ. ನಮ್ಮ ಜಿಲ್ಲೆಯ ಹಳಬರು ಈಗಲೂ ಅದನ್ನು ಮರೆತಿಲ್ಲ.

ಅದೇ 1974ರ ಮಾರ್ಚ್ 1ರಿಂದ ಕರ್ನಾಟಕದಲ್ಲಿ ಭೂಸುಧಾರಣೆಯ ತಿದ್ದುಪಡಿ ಕಾನೂನು ಜಾರಿಗೆ ಬಂದಿತ್ತು. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ ಕಾಲ. ಗೇಣಿಗೆ ದುಡಿಯುವವರು ಅರ್ಜಿ ಹಾಕಿದರೆ ದುಡಿದ ಭೂಮಿ ಅವರದ್ದೇ ಆಗುತ್ತದೆ ಎಂದು ಸುದ್ದಿ ಹಬ್ಬಿತು. ನಮ್ಮೂರಿನಲ್ಲಿ ಅದಕ್ಕೆ ಡಿಕ್ಲರೇಶನ್ ಎಂದೇ ಹೆಸರು. ನನ್ನ ಬಾಪ ಡಿಕ್ಲರೇಶನ್ ಹಾಕಿದರು. ಕೆಲವು ವರ್ಷ ಅಲೆದಾಡಿದ ಮೇಲೆ ಎರಡು ಎಕರೆ ನಲವತ್ತು ಸೆಂಟ್ಸ್ ಜಾಗ ಬಾಪನ ಹೆಸರಿಗೆ ಬಂತು. ಗದ್ದೆಗಿಳಿದು ದುಡಿದವರು ಬಾಪ ಮತ್ತು ಉಮ್ಮ ಇಬ್ಬರೂ. ಕಾಗದದಲ್ಲಿ ಇದ್ದದ್ದು ಬಾಪನ ಹೆಸರು ಮಾತ್ರ. ಆ ಕಾಲದಲ್ಲಿ ಅದು ಯಾರಿಗೂ ವಿಶೇಷವಾಗಿ ಕಾಣಲಿಲ್ಲ. ಉಮ್ಮನಿಗೂ ಕಾಣಲಿಲ್ಲ.

ಕಳೆದ ಡಿಸೆಂಬರಿನ ಒಂದು ಆದಿತ್ಯವಾರ ನಾನು ಅದೇ ದಾರಿಯಲ್ಲಿ ಊರಿಗೆ ಹೋದೆ. ಮನೆಯಲ್ಲಿ ನಾವು ಐದು ಮಂದಿ ಮಕ್ಕಳೂ ಸೇರುವುದಿತ್ತು. ಯಾಕೆ ಸೇರಿದೆವು ಎಂಬುದನ್ನು ಕೊನೆಗೆ ಹೇಳುತ್ತೇನೆ. ಮೊದಲು ನನ್ನ ಜೊತೆ ಊರಿಗೆ ಬನ್ನಿ.

ಮೆಲ್ಕಾರ್ ದಾಟಿ ಕಲ್ಲಡ್ಕದಲ್ಲಿ ಬಸ್ಸು ನಿಂತಿತು. ಕಲ್ಲಡ್ಕದ ಕೆ.ಟಿ. ಚಹಾದ ಬಗ್ಗೆ ನೀವು ಕೇಳಿರಬಹುದು. ಗ್ಲಾಸಿನಲ್ಲಿ ಹಾಲು ಕೆಳಗೆ, ಚಹಾ ಮೇಲೆ ಬೇರೆ ಬೇರೆಯಾಗಿ ನಿಂತಿರುತ್ತದೆ. ಅಲ್ಲಿಂದ ರಸ್ತೆ ವಿಟ್ಲದ ಕಡೆಗೆ ತಿರುಗಿದ ಮೇಲೆ ಎರಡೂ ಬದಿಯಲ್ಲಿ ಅಡಿಕೆ ತೋಟಗಳೇ. ವಿಟ್ಲದಲ್ಲಿ ಕೇಂದ್ರ ಸರಕಾರದ ತೋಟಗಾರಿಕಾ ಬೆಳೆಗಳ ಸಂಶೋಧನಾ ಕೇಂದ್ರವಿದೆ. 1972ರಲ್ಲಿ ಬಿಡುಗಡೆಯಾದ 'ಮಂಗಳಾ' ಎಂಬ ಅಡಿಕೆ ತಳಿ ಅಲ್ಲಿನದ್ದೇ. ಮರುವರ್ಷ, ಅಂದರೆ 1973ರಲ್ಲಿ, ಅಡಿಕೆ ಬೆಳೆಗಾರರ ಕ್ಯಾಂಪ್ಕೋ ಸಂಸ್ಥೆ ಮಂಗಳೂರಿನಲ್ಲಿ ಆರಂಭವಾಯಿತು. ಸಣ್ಣ ರೈತರೂ ಅಡಿಕೆ ಹಾಕಲು ಧೈರ್ಯ ಮಾಡಿದ್ದು ಅದರ ನಂತರವೇ.

ವಿಟ್ಲದಿಂದ ಇನ್ನೊಂದು ಬಸ್ಸು ಹಿಡಿದು, ಇಳಿದು, ಗುಡ್ಡೆಯ ದಾರಿಯಲ್ಲಿ ಕಾಲು ಗಂಟೆ ನಡೆದರೆ ನಮ್ಮ ಬೈಲು. ಗುಡ್ಡೆಯ ಮೇಲೆ ನಿಂತರೆ ಈಗ ಕಾಣುವುದು ಅಡಿಕೆ ಮರಗಳ ತಲೆಗಳು ಮಾತ್ರ. ನಾನು ಸಣ್ಣವನಿದ್ದಾಗ ಅಲ್ಲಿ ಗದ್ದೆಗಳಿದ್ದವು. ಕೆಳಗಿನ ಬೈಲಿನ ಗದ್ದೆಯಲ್ಲಿ ಏಣಿಲು, ಸುಗ್ಗಿ, ಕೊಳಕೆ ಎಂದು ವರ್ಷಕ್ಕೆ ಮೂರು ಬೆಳೆ. ಸ್ವಲ್ಪ ಎತ್ತರದ ಮಜಲಿನಲ್ಲಿ ಎರಡು. ಎಲ್ಲಕ್ಕಿಂತ ಮೇಲಿನ ಬೆಟ್ಟು ಗದ್ದೆಯಲ್ಲಿ ಮಳೆಗಾಲಕ್ಕೆ ಒಂದೇ. ಇಂದು ಬೈಲಿನಲ್ಲಿ ಒಂದು ಗದ್ದೆಯೂ ಉಳಿದಿಲ್ಲ. ಕಟ್ಟಹುಣಿಯ ಮೇಲೆ ಸಾಲಾಗಿ ನಡೆದು ಮದ್ರಸಕ್ಕೆ ಹೋಗುತ್ತಿದ್ದ ದಾರಿಯಲ್ಲಿ ಈಗ ಕಾಂಕ್ರೀಟು ರಸ್ತೆ ಇದೆ.

ಆ ಗದ್ದೆಗಳಲ್ಲಿ ಉಮ್ಮ ಹೇಗೆ ದುಡಿಯುತ್ತಿದ್ದರು ಎಂದು ಹೇಳಿದರೆ ಈಗಿನ ಮಕ್ಕಳು ಕಥೆ ಎಂದುಕೊಳ್ಳುತ್ತಾರೆ. ಸುಬ್‌ಹಿ ನಮಾಝಿಗೆ ಮೊದಲೇ ಅವರು ಎದ್ದಿರುತ್ತಿದ್ದರು. ಹಟ್ಟಿಯಲ್ಲಿ ಎರಡು ದನ. ಹಾಲು ಕರೆದು, ಸಗಣಿ ಎತ್ತಿ, ಒಲೆಯ ಮೇಲೆ ಕುಚ್ಚಲಕ್ಕಿಯ ಗಂಜಿ ಇಟ್ಟು, ನಮ್ಮನ್ನು ಮದ್ರಸಕ್ಕೆ ಕಳುಹಿಸಿದ ಮೇಲೆ ಗದ್ದೆಗೆ ಇಳಿದರೆಂದರೆ ಮೇಲೆ ಬರುವುದು ಲುಹರ್ ಬಾಂಗ್‌ಗೆ. ಮಳೆಗಾಲದಲ್ಲಿ ಬೆನ್ನ ಮೇಲೆ ಗೊರಬೆ ಹಾಕಿ, ಬಗ್ಗಿ, ನೆರೆಮನೆಯ ಹೆಂಗಸರ ಸಾಲಿನಲ್ಲಿ ನಿಂತು ನೇಜಿ ನೆಡುತ್ತಿದ್ದರು. ಇವತ್ತು ನಮ್ಮ ಗದ್ದೆಯಲ್ಲಿ ಅವರು, ನಾಳೆ ಅವರ ಗದ್ದೆಯಲ್ಲಿ ಉಮ್ಮ. ಆ ಸಾಲಿನಲ್ಲಿ ತುಳು ಮಾತನಾಡುವವರೂ ಇದ್ದರು, ಬ್ಯಾರಿ ಮಾತನಾಡುವವರೂ ಇದ್ದರು. ಮಧ್ಯಾಹ್ನದ ಗಂಜಿ, ಒಣಮೀನಿನ ಚಟ್ನಿ ಎಲ್ಲರಿಗೂ ಒಂದೇ.

ಅಡಿಕೆಗೆ ಮದ್ದು ಬಿಡುವ ದಿನ ಉಮ್ಮನೇ ನಮ್ಮ ಮನೆಯ ಕೃಷಿ ಅಧಿಕಾರಿ. ಮಳೆ ಹಿಡಿಯುವ ಮೊದಲೊಮ್ಮೆ, ಮತ್ತೆ ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಬೋರ್ಡೋ ದ್ರಾವಣ ಸಿಂಪಡಿಸದಿದ್ದರೆ ಕೊಳೆರೋಗ ಬಂದು ಎಳೆಯ ಕಾಯಿಗಳೆಲ್ಲ ಉದುರಿಹೋಗುತ್ತವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅಕ್ಷರ ಗೊತ್ತಿಲ್ಲದ ಉಮ್ಮನಿಗೆ ಈ ಲೆಕ್ಕ ಬಾಯಿಪಾಠ. ದ್ರಾವಣ ಹದವಾಗಿದೆಯೇ ಎಂದು ನೋಡಲು ಅವರು ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಅದರಲ್ಲಿ ಅದ್ದಿ ತೆಗೆಯುತ್ತಿದ್ದರು. ಕತ್ತಿ ಕೆಂಪಾದರೆ ಸುಣ್ಣ ಸಾಲದು ಎಂದು ಅರ್ಥ. ಅದರ ಹಿಂದಿನ ರಸಾಯನಶಾಸ್ತ್ರ ನನಗೆ ಗೊತ್ತಾದದ್ದು ಹೈಸ್ಕೂಲಿನಲ್ಲಿ. ಉಮ್ಮನಿಗೆ ಕಲಿಸಿದ್ದು ಯಾರೋ ಗೊತ್ತಿಲ್ಲ.

ರಾತ್ರಿ ಇಶಾ ಆದ ಮೇಲೆ ಮೊರ ಮಡಿಲಿಗೆ ಬರುತ್ತಿತ್ತು. ನಮ್ಮ ಕಡೆಯ ಎಷ್ಟೋ ಮನೆಗಳ ಹಾಗೆ ನಮ್ಮ ಮನೆಯ ಉಪ್ಪು, ಮೆಣಸು, ಮಕ್ಕಳ ಪುಸ್ತಕ ಎಲ್ಲ ಬರುತ್ತಿದ್ದುದು ಬೀಡಿಯಿಂದ. ಚಿಮಿಣಿ ದೀಪದ ಬೆಳಕಿನಲ್ಲಿ ಉಮ್ಮ ಮತ್ತು ನನ್ನ ಇಬ್ಬರು ಅಕ್ಕಂದಿರು ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಟಿ, ನೂಲು ಕಟ್ಟುತ್ತಿದ್ದರು. ಅವರ ಕೈ ಓಡುವುದನ್ನು ನೋಡುತ್ತಾ ನಾನು ಪಕ್ಕದಲ್ಲಿ ನಿದ್ದೆ ಹೋಗುತ್ತಿದ್ದೆ. ಮುಂದೆ ನಾನು ಬಿ.ಎ. ಓದಲು ಹೊರಟಾಗ ಪರೀಕ್ಷಾ ಶುಲ್ಕ ಕಟ್ಟಿದ್ದು ಆ ಮೊರದ ಹಣದಿಂದಲೇ.

ಹೀಗೆ ಮಣ್ಣು, ಸುಣ್ಣ, ಹೊಗೆಸೊಪ್ಪಿನಲ್ಲಿ ಸವೆದ ಬೆರಳುಗಳು ಅವು. ವಯಸ್ಸಾದ ಮೇಲೆ ಪಡಿತರ ಅಂಗಡಿಯ ಯಂತ್ರಕ್ಕೆ ಉಮ್ಮ ಬೆರಳು ಒತ್ತಿದರೆ ಯಂತ್ರ ಒಪ್ಪುತ್ತಿರಲಿಲ್ಲ. ಬೆರಳಿನಲ್ಲಿ ಗೆರೆಯೇ ಉಳಿದಿರಲಿಲ್ಲ. ಉಮ್ಮ ನಗುತ್ತಾ ಇನ್ನೊಂದು ಬೆರಳು ಒತ್ತುತ್ತಿದ್ದರು. ನಾನು ಮಾತ್ರ ಬೇರೆ ಕಡೆ ನೋಡುತ್ತಿದ್ದೆ.

ಓದುಗರೇ, ನಮ್ಮ ತೋಟದ ಮೇಲಿನ ಬದಿಯಲ್ಲಿ ಒಂದು ಸುರಂಗವಿದೆ. ಘಟ್ಟದ ಮೇಲಿನ ಓದುಗರಿಗೆ ಇದು ಹೊಸತಾಗಿರಬಹುದು. ಬಾವಿಯನ್ನು ಕೆಳಕ್ಕೆ ತೋಡುತ್ತಾರೆ. ಸುರಂಗವನ್ನು ಗುಡ್ಡದ ಹೊಟ್ಟೆಗೆ ಅಡ್ಡವಾಗಿ ಕೊರೆಯುತ್ತಾರೆ. ವಿಟ್ಲದ ಸುತ್ತಮುತ್ತ, ಕಾಸರಗೋಡಿನ ಕಡೆ ಮುರಕಲ್ಲಿನ ಗುಡ್ಡಗಳಲ್ಲಿ ಇಂಥ ಸುರಂಗಗಳು ಬಹಳ ಇವೆ. ಒಬ್ಬ ಮನುಷ್ಯ ನಿಂತು ನಡೆಯುವಷ್ಟು ಎತ್ತರ, ಮೈ ತಾಗುವಷ್ಟು ಅಗಲ. ಪಂಪು ಬೇಡ, ಕರೆಂಟು ಬೇಡ. ಒಳಗೆ ಜಿನುಗಿದ ನೀರು ತಾನಾಗಿ ಹರಿದು ಹೊರಗೆ ಬರುತ್ತದೆ. ನಮ್ಮದು ನಲವತ್ತು ಕೋಲು, ಎಂದರೆ ಸುಮಾರು ನೂರು ಅಡಿ ಉದ್ದ. ಕೊರೆಯುವವರು ಒಬ್ಬರನ್ನು ಕರೆಸಿದ್ದರು. ಅವರ ಜೊತೆ ಬಾಪ ಪಿಕ್ಕಾಸು ಹಿಡಿದರೆ, ಒಳಗಿನ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಹೊರಗೆ ಹಾಕಿದ್ದು ಉಮ್ಮ. ಆಗ ನನ್ನ ಎರಡನೆಯ ಅಕ್ಕ ತೊಟ್ಟಿಲಲ್ಲಿದ್ದಳಂತೆ. ಬೇಸಿಗೆಯ ಮೂರನೇ ತಿಂಗಳಲ್ಲಿ ನೀರು ಸಿಕ್ಕಿತು.

ಸುರಂಗದ ಬಾಯಿಯಿಂದ ಅಡಿಕೆ ಗಿಡಗಳ ತನಕ ಆ ನೀರನ್ನು ಹೊತ್ತವರು ಯಾರು ಎಂಬ ಪ್ರಶ್ನೆಗೆ ಮುಂದೆ ಬರುತ್ತೇನೆ. ಅದು ಈ ಬರಹದ ಮುಖ್ಯ ಪ್ರಶ್ನೆ.

ಸುರಂಗದ ನೀರಿಗೆ ಉಮ್ಮ ಎಂದೂ ಬೀಗ ಹಾಕಲಿಲ್ಲ. ಎಪ್ರಿಲ್, ಮೇ ತಿಂಗಳಲ್ಲಿ ಕೆಳಗಿನ ಮೂರು ಮನೆಗಳ ಬಾವಿ ಬತ್ತಿದಾಗ ಅವರ ಕೊಡಪಾನಗಳೆಲ್ಲ ನಮ್ಮ ಟಾಂಕಿಯ ಎದುರು ಸಾಲು ನಿಲ್ಲುತ್ತಿದ್ದವು. ಎರಡು ತುಳುವರ ಮನೆ, ಒಂದು ನಮ್ಮವರದ್ದು. ಮೊದಲು ಅವರು ತುಂಬಿಸಬೇಕು, ಆಮೇಲೆ ನಮ್ಮ ತೋಟ. ಡಿಸೆಂಬರಿನಲ್ಲಿ ತೋಡಿಗೆ ಅಡ್ಡಲಾಗಿ ಕಲ್ಲು ಮಣ್ಣಿನ ಕಟ್ಟ ಕಟ್ಟುವ ದಿನ ಇಡೀ ಬೈಲಿನವರು ಸೇರುತ್ತಿದ್ದರು. ಅಂದು ಮಧ್ಯಾಹ್ನದ ಊಟ ನಮ್ಮ ಮನೆಯದ್ದು. ಮಾಂಸ ತಿನ್ನದವರಿಗಾಗಿ ಬೇರೆ ಪಾತ್ರೆಯಲ್ಲಿ ಹುರುಳಿ ಸಾರು ಇರುತ್ತಿತ್ತು. ಹಾಗೆ ಮಾಡಬೇಕೆಂದು ಉಮ್ಮನಿಗೆ ಯಾರೂ ಹೇಳಿಕೊಟ್ಟದ್ದಲ್ಲ.

ಮದ್ರಸದ ಉಸ್ತಾದರಿಗೆ ಊರಿನ ಮನೆಗಳಿಂದ ಸರದಿಯಲ್ಲಿ ಊಟ ಹೋಗುವುದು ನಿಮಗೆ ಗೊತ್ತೇ ಇದೆ. ಮಸೀದಿಯಲ್ಲಿ ದರ್ಸ್ ಕಲಿಯುವ ಹುಡುಗರಿಗೂ ಹಾಗೆಯೇ. ನಮ್ಮ ಸರದಿಯ ದಿನ ಉಮ್ಮ ಮನೆಯಲ್ಲಿದ್ದ ಒಂದೇ ಮೊಟ್ಟೆಯನ್ನು ಆ ಹುಡುಗನ ತಟ್ಟೆಗೆ ಹಾಕುತ್ತಿದ್ದರು. ನನ್ನ ತಂಗಿ ಮುಖ ಸಣ್ಣದು ಮಾಡಿದರೆ, "ನಿನ್ನ ಅಣ್ಣ ದೂರದ ಊರಿನಲ್ಲಿ ಕಿತಾಬು ಓದುತ್ತಿದ್ದಾನೆ. ಅಲ್ಲಿಯೂ ಯಾರೋ ಒಬ್ಬ ಉಮ್ಮ ಅವನ ತಟ್ಟೆಗೆ ಹಾಕುತ್ತಿರುತ್ತಾಳೆ" ಎನ್ನುತ್ತಿದ್ದರಂತೆ. ಆ ಅಣ್ಣ ನಾನೇ.

ದರ್ಸಿನಲ್ಲಿ ನಾನು 'ಫತ್‌ಹುಲ್ ಮುಈನ್' ಓದುತ್ತಿದ್ದೆ. ಹದಿನಾರನೇ ಶತಮಾನದಲ್ಲಿ ಕೇರಳದ ಪೊನ್ನಾನಿಯ ಝೈನುದ್ದೀನ್ ಮಖ್ದೂಮರು ಬರೆದ ಶಾಫಿಈ ಕರ್ಮಶಾಸ್ತ್ರದ ಗ್ರಂಥ. ಒಮ್ಮೆ ರಜೆಯಲ್ಲಿ ಮನೆಗೆ ಬಂದಾಗ ಝಕಾತಿನ ಪಾಠವನ್ನು ಬಹಳ ಹೆಮ್ಮೆಯಿಂದ ಉಮ್ಮನಿಗೆ ಹೇಳಿದೆ. ಹೊಟ್ಟು ಸಹಿತ ಶೇಖರಿಸಿಡುವ ಭತ್ತ ಹತ್ತು ವಸ್ಕ್, ಅಂದರೆ ಆರುನೂರು ಸಾಅ್ ಆದರೆ ಮಾತ್ರ ಝಕಾತ್ ಕಡ್ಡಾಯ. ಮಳೆಯಿಂದ ಬೆಳೆದರೆ ಹತ್ತರಲ್ಲಿ ಒಂದು, ಖರ್ಚು ಮಾಡಿ ನೀರು ಹಾಯಿಸಿದರೆ ಇಪ್ಪತ್ತರಲ್ಲಿ ಒಂದು. ನಮ್ಮ ಭತ್ತ ಅಷ್ಟಾಗುವುದಿಲ್ಲ. ಇನ್ನು ಅಡಿಕೆಯ ಬೆಳೆಗೆ ಝಕಾತ್ ಇಲ್ಲ, ಮಾರಿದ ಹಣ ನಿಸಾಬ್‌ನಷ್ಟಿದ್ದು ವರ್ಷವಿಡೀ ಉಳಿದರೆ ಅದರ ಲೆಕ್ಕ ಬೇರೆ. ಆದ್ದರಿಂದ ನೀವು ಭತ್ತದಲ್ಲಿಯೂ ಅಡಿಕೆಯಲ್ಲಿಯೂ ತೆಗೆದಿಡುವುದು ಕಡ್ಡಾಯವಲ್ಲ ಎಂದೆ.

ಉಮ್ಮ ಅಡಿಕೆ ಸುಲಿಯುತ್ತಿದ್ದರು. ತಲೆ ಎತ್ತದೆ ಕೇಳಿದರು: "ಕಡ್ಡಾಯ ಇಲ್ಲ ಅಂದರೆ ಕೊಡಬಾರದು ಅಂತ ಅಲ್ಲವಲ್ಲ ಮೋನೇ?"

ನಾನು ಅಲ್ಲ ಎಂದೆ. "ಹಾಗಾದರೆ ಆ ಗೋಣಿ ಅಲ್ಲೇ ಇರಲಿ" ಎಂದರು.

ಇನ್ನು ನಾನು ನಾಚಿಕೆಯಿಂದ ಹೇಳಬೇಕಾದ ವಿಷಯ. 2004ರ ಮಳೆಗಾಲದ ಆರಂಭದಲ್ಲಿ ನನ್ನ ಬಾಪ ತೀರಿಕೊಂಡರು. ಉಮ್ಮ ಇದ್ದತ್ ಕುಳಿತರು. ನಾಲ್ಕು ತಿಂಗಳು ಹತ್ತು ದಿನ. ಆ ವರ್ಷ ನೇಜಿ ನೆಡುವಾಗಲೂ ಮದ್ದು ಬಿಡುವಾಗಲೂ ಉಮ್ಮ ಮನೆಯೊಳಗೆ. ಬುದ್ಧಿ ಬಂದ ಮೇಲೆ ಅವರು ಹೀಗೆ ಸುಮ್ಮನೆ ಕುಳಿತಿದ್ದನ್ನು ನಾವು ನೋಡಿದ್ದು ಆಗಲೇ. ಕಿಟಕಿಯಿಂದ ತೋಟ ನೋಡುತ್ತಾ ಏನನ್ನೋ ಯೋಚಿಸುತ್ತಿದ್ದರು. ಏನು ಯೋಚಿಸುತ್ತಿದ್ದರೆಂದು ಗೊತ್ತಾದದ್ದು ನವೆಂಬರಿನಲ್ಲಿ.

ಆ ವರ್ಷ ಈದುಲ್ ಫಿತ್ರ್ ನವೆಂಬರ್ ಮಧ್ಯದಲ್ಲಿತ್ತು. ಅಣ್ಣ ಗಲ್ಫಿನಿಂದ ರಜೆಯಲ್ಲಿ ಬಂದಿದ್ದ. ಈದ್ ಕಳೆದ ಮೂರನೇ ದಿನ ಜಾಗದ ಮಾತು ಬಂತು. ಪಹಣಿಯನ್ನು ನಮ್ಮಿಬ್ಬರ ಹೆಸರಿಗೆ ಮಾಡಬೇಕು, ಅಕ್ಕಂದಿರು ಮತ್ತು ತಂಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರಾಯಿತು ಎಂದು ಸಂಬಂಧಿಕರೊಬ್ಬರು ಹೇಳಿದರು. ಊರಿನಲ್ಲಿ ಎಲ್ಲ ಮನೆಗಳಲ್ಲೂ ಹಾಗೆಯೇ ನಡೆಯುತ್ತಿತ್ತು. ಅಕ್ಕಂದಿರೂ ಬೇಡ ಎನ್ನಲಿಲ್ಲ. "ನಮಗೆ ಜಾಗ ಯಾಕೆ? ತವರಿನ ಬಾಗಿಲು ತೆರೆದಿದ್ದರೆ ಸಾಕು" ಎಂದಳು ದೊಡ್ಡ ಅಕ್ಕ.

ಓದುಗರೇ, ಆಗ ನನಗೆ ಇಪ್ಪತ್ತೈದು ವರ್ಷ. ಫರಾಇಝ್, ಅಂದರೆ ಪಿತ್ರಾರ್ಜಿತ ಹಂಚಿಕೆಯ ಪಾಠವನ್ನು ಉಸ್ತಾದರ ಎದುರು ಕುಳಿತು ಓದಿದವನು ನಾನು. ಮದ್ರಸದ ದೊಡ್ಡ ತರಗತಿಯ ಮಕ್ಕಳಿಗೆ ಕಲಿಸಿದವನೂ ನಾನು. ಸೂರಃ ಅನ್ನಿಸಾದಲ್ಲಿ ಅಲ್ಲಾಹನು ಯಾರಿಗೆ ಎಷ್ಟು ಎಂದು ನಿಗದಿಪಡಿಸಿದ್ದಾನೆಂಬುದು ಆ ಜಗಲಿಯಲ್ಲಿದ್ದ ಎಲ್ಲರಿಗಿಂತ ಹೆಚ್ಚು ನನಗೆ ಗೊತ್ತಿತ್ತು. ಆದರೂ ನಾನು ಬಾಯಿ ತೆರೆಯಲಿಲ್ಲ. ಒಂದೂವರೆ ತಿಂಗಳ ಹಿಂದೆ ನನಗೆ ಮದುವೆ ನಿಶ್ಚಯವಾಗಿತ್ತು. ಮನೆ ಕಟ್ಟಬೇಕಿತ್ತು. ನನ್ನ ಮೌನಕ್ಕೆ ಅದೇ ಕಾರಣ, ಬೇರೆ ಯಾವ ಕಾರಣವೂ ಇರಲಿಲ್ಲ.

ಆಗ ಬಾಗಿಲ ಹಿಂದಿನಿಂದ ಉಮ್ಮನ ಧ್ವನಿ ಕೇಳಿತು: "ಮೋನೇ, ನಿನ್ನ ಕಿತಾಬಿನಲ್ಲಿ ಹೆಣ್ಣುಮಕ್ಕಳಿಗೆ ಏನೂ ಇಲ್ಲವಾ?"

ಎಲ್ಲರೂ ನನ್ನ ಮುಖ ನೋಡಿದರು. ನಾನು ಇದೆ ಎಂದೆ.

"ಹಾಗಾದರೆ ಹೇಳು. ಎಷ್ಟು ಪಾಲು ಮಾಡಬೇಕು?"

ಲೆಕ್ಕ ಸುಲಭವಿತ್ತು. ಮಕ್ಕಳಿರುವಾಗ ಹೆಂಡತಿಗೆ ಎಂಟರಲ್ಲಿ ಒಂದು. ಉಳಿದ ಏಳರಲ್ಲಿ ಗಂಡುಮಕ್ಕಳಿಗೆ ತಲಾ ಎರಡು, ಹೆಣ್ಣುಮಕ್ಕಳಿಗೆ ತಲಾ ಒಂದು. ನಾವು ಇಬ್ಬರು ಗಂಡು, ಮೂವರು ಹೆಣ್ಣು. ಬಾಪನ ತಂದೆ ತಾಯಿ ಮೊದಲೇ ತೀರಿಕೊಂಡಿದ್ದರು. ಎಂಟು ಪಾಲು ಎಂದೆ.

ಉಮ್ಮ ಒಳಗೆ ಹೋಗಿ ಮೊರದಲ್ಲಿ ಎಂಟು ಒಣ ಅಡಿಕೆ ತಂದು ಚಾಪೆಯ ಮೇಲಿಟ್ಟರು. ನಾನು ಹೇಳಿದ ಹಾಗೆ ಬೇರೆ ಬೇರೆ ಮಾಡಿದರು. ಅಣ್ಣನ ಮುಂದೆ ಎರಡು, ನನ್ನ ಮುಂದೆ ಎರಡು, ದೊಡ್ಡ ಅಕ್ಕನ ಮುಂದೆ ಒಂದು, ಎರಡನೆಯ ಅಕ್ಕನ ಮುಂದೆ ಒಂದು, ತಂಗಿಯ ಮುಂದೆ ಒಂದು. ಕೊನೆಯದನ್ನು ತಮ್ಮ ಮಡಿಲಿಗೆ ಹಾಕಿಕೊಂಡರು.

ಸಂಬಂಧಿಕರು ಹೇಳಿದರು, ಮದುವೆಯಲ್ಲಿ ಹುಡುಗಿಯರಿಗೆ ಚಿನ್ನ ಕೊಟ್ಟಾಗಿದೆಯಲ್ಲ ಎಂದು. "ಅದನ್ನು ಕೊಟ್ಟದ್ದು ಅವರಿಗಲ್ಲ, ಅವರನ್ನು ಕರೆದುಕೊಂಡು ಹೋದವರಿಗೆ" ಎಂದರು ಉಮ್ಮ. ಅಕ್ಕಂದಿರೇ ಬೇಡ ಎನ್ನುತ್ತಿದ್ದಾರಲ್ಲ ಎಂದರು. "ಬೇಡ ಅನ್ನುವುದಾದರೆ ಕೈಗೆ ಬಂದ ಮೇಲೆ ಬೇಡ ಅನ್ನಲಿ. ಕೈಗೆ ಬಾರದ್ದನ್ನು ಬಿಟ್ಟುಕೊಡುವುದು ಹೇಗೆ?" ಎಂದು ಕೇಳಿದರು.

ಆಮೇಲೆ ನನ್ನ ಮತ್ತು ಅಣ್ಣನ ಕಡೆ ತಿರುಗಿದರು. ಅವರ ಧ್ವನಿ ಸ್ವಲ್ಪವೂ ಏರಲಿಲ್ಲ. "ನೀನು ದರ್ಸಿನಲ್ಲಿದ್ದೆ. ಅವನು ಮುಂಬಯಿಯಲ್ಲಿದ್ದ, ಆಮೇಲೆ ಗಲ್ಫಿಗೆ ಹೋದ. ಪಂಪು ಬರುವ ಮೊದಲು ಆರು ಬೇಸಿಗೆ ಈ ಗಿಡಗಳಿಗೆ ಸುರಂಗದ ನೀರು ಹೊತ್ತು ಹಾಕಿದ್ದು ಯಾರು? ಸೊಂಟದಲ್ಲಿ ಒಂದು ಕೊಡಪಾನ, ಕೈಯಲ್ಲಿ ಒಂದು. ಇವರು ಮೂವರು. ಚಿಕ್ಕವಳಿಗೆ ಆಗ ಒಂಬತ್ತು ವರ್ಷ."

ಯಾರೂ ಮಾತಾಡಲಿಲ್ಲ. ಎರಡನೆಯ ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಣ್ಣ ತುಂಬ ಹೊತ್ತು ತನ್ನ ಮುಂದಿದ್ದ ಎರಡು ಅಡಿಕೆಗಳನ್ನು ನೋಡುತ್ತಿದ್ದ. ಆಮೇಲೆ, "ಉಮ್ಮ ಹೇಳಿದ ಹಾಗೆಯೇ ಪಾಲುಪಟ್ಟಿ ಬರೆಸು" ಎಂದು ನನಗೆ ಹೇಳಿದ.

ಎರಡು ಎಕರೆ ನಲವತ್ತು ಸೆಂಟ್ಸಿನಲ್ಲಿ ಎಂಟರಲ್ಲೊಂದು ಎಂದರೆ ಮೂವತ್ತು ಸೆಂಟ್ಸ್. ಅಕ್ಕಂದಿರಿಗೆ, ತಂಗಿಗೆ ತಲಾ ಮೂವತ್ತು, ನಮಗೆ ಅರುವತ್ತು ಅರುವತ್ತು, ಉಮ್ಮನಿಗೆ ಮೂವತ್ತು. ನೋಂದಣಿ ಆಯಿತು. ಪಹಣಿಯಲ್ಲಿ ನಾಲ್ವರು ಹೆಂಗಸರ ಹೆಸರು ಬಂತು. ತನ್ನ ಹೆಸರು ಯಾವುದು ಎಂದು ಉಮ್ಮ ನನ್ನಲ್ಲಿ ಕೇಳಿ, ಅದರ ಮೇಲೆ ಬೆರಳಿಟ್ಟು ನೋಡಿದರು.

ಉಹುದ್ ಯುದ್ಧದ ನಂತರದ ಒಂದು ಘಟನೆ ಹದೀಸ್ ಗ್ರಂಥಗಳಲ್ಲಿದೆ. ಹುತಾತ್ಮರಾದ ಸಅದ್ ಬಿನ್ ರಬೀಅ್‌(ರ)ರ ಪತ್ನಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿ(ಸ)ರ ಬಳಿಗೆ ಬಂದರು. ಮಕ್ಕಳ ಚಿಕ್ಕಪ್ಪ ಎಲ್ಲ ಸೊತ್ತನ್ನೂ ತೆಗೆದುಕೊಂಡಿದ್ದಾನೆ, ಈ ಮಕ್ಕಳಿಗೆ ಏನೂ ಉಳಿದಿಲ್ಲ ಎಂದು ದೂರಿದರು. ಆಗ ಪಾಲಿನ ಆಯತ್ ಅವತೀರ್ಣವಾಯಿತು. ಹೆಣ್ಣುಮಕ್ಕಳಿಗೆ ಮೂರರಲ್ಲಿ ಎರಡು ಪಾಲು, ತಾಯಿಗೆ ಎಂಟರಲ್ಲಿ ಒಂದು ಕೊಟ್ಟು ಉಳಿದದ್ದನ್ನು ನೀನು ತೆಗೆದುಕೋ ಎಂದು ಪ್ರವಾದಿ(ಸ)ರು ಆ ಚಿಕ್ಕಪ್ಪನಿಗೆ ಆದೇಶಿಸಿದರು. ಇದನ್ನು ನಾನು ಎಷ್ಟೋ ಸಲ ಓದಿದ್ದೆ. ಅಂದು ಕೇಳಲು ಬಂದವಳು ಒಬ್ಬ ತಾಯಿ ಎಂಬುದು ನನ್ನ ಮನಸ್ಸಿಗೆ ತಾಗಿದ್ದು ಆ ಎಂಟು ಅಡಿಕೆಗಳ ನಂತರ.

ಮೂವತ್ತು ಸೆಂಟ್ಸಿನಿಂದ ಏನಾಗುತ್ತದೆ ಎಂದು ನೀವು ಕೇಳಬಹುದು. ನನ್ನ ತಂಗಿಯ ಗಂಡ ಎರಡು ಸಣ್ಣ ಮಕ್ಕಳನ್ನು ಬಿಟ್ಟು ಬೇಗ ತೀರಿಕೊಂಡ. ತಂಗಿ ತವರಿಗೆ ಬಂದಳು. ಆದರೆ ಯಾರ ಹಂಗಿಗೂ ಬರಲಿಲ್ಲ, ಅವಳ ಜಾಗಕ್ಕೆ ಬಂದಳು. ಅಲ್ಲಿ ಸುಮಾರು ನೂರೈವತ್ತು ಅಡಿಕೆ ಮರಗಳಿವೆ. ಅವಳು ಒಂಬತ್ತನೇ ವಯಸ್ಸಿನಲ್ಲಿ ನೀರು ಹಾಕಿದ ಮರಗಳೇ ಅವು. ಒಂದು ಮೂಲೆಯಲ್ಲಿ ಸಣ್ಣ ಮನೆ ಕಟ್ಟಿಕೊಂಡಳು. ಅವಳ ದೊಡ್ಡ ಮಗಳು ಈಗ ನರ್ಸಿಂಗ್ ಓದುತ್ತಿದ್ದಾಳೆ. ತಂಗಿ ನನ್ನ ಬಳಿ ಒಂದು ರೂಪಾಯಿಗೂ ಕೈಚಾಚಿದವಳಲ್ಲ. ಅಂದು ಆ ಜಗಲಿಯಲ್ಲಿ ನನ್ನ ಮೌನವೇ ಗೆದ್ದಿದ್ದರೆ ಅವಳ ಗತಿ ಏನಾಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ನನಗೆ ನಿದ್ದೆ ಬರುವುದಿಲ್ಲ.

ಉಮ್ಮ 2022ರ ರಮಝಾನ್ ತಿಂಗಳಲ್ಲಿ ನಮ್ಮನ್ನು ಬಿಟ್ಟು ಹೋದರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಮಯ್ಯಿತ್ ಮನೆಯಲ್ಲಿದ್ದಾಗ ಕೆಳಗಿನ ಮನೆಯ ಅಕ್ಕ ಬಂದು ಅಂಗಳದ ಬದಿಯಲ್ಲಿ ಕುಳಿತರು. ನೇಜಿಯ ಸಾಲಿನಲ್ಲಿ ಉಮ್ಮನ ಪಕ್ಕ ನಿಲ್ಲುತ್ತಿದ್ದವರು ಅವರು. ತುಳುವಿನಲ್ಲಿ ಒಂದೇ ಮಾತು ಹೇಳಿದರು. "ಇಷ್ಟು ವರ್ಷ ನಿಮ್ಮ ಟಾಂಕಿಯ ನೀರು ಕುಡಿದೆ, ಒಂದು ದಿನವೂ ನಾನು ಕೇಳಿ ತೆಗೆದುಕೊಂಡದ್ದಲ್ಲ" ಎಂದು ಅದರ ಅರ್ಥ.

ಕಳೆದ ಡಿಸೆಂಬರಿನಲ್ಲಿ ನಾವು ಸೇರಿದ್ದು ಉಮ್ಮನ ಆ ಮೂವತ್ತು ಸೆಂಟ್ಸಿನ ತೀರ್ಮಾನಕ್ಕಾಗಿ. ತೀರುವ ಮೊದಲು ಉಮ್ಮ ಒಂದು ವಸಿಯ್ಯತ್ ಹೇಳಿದ್ದರು. ಸುರಂಗದ ಬಾಯಿ, ಟಾಂಕಿ ಮತ್ತು ಅಲ್ಲಿಗೆ ಹೋಗುವ ದಾರಿ ಯಾರ ಪಾಲಿಗೂ ಸೇರಬಾರದು, ಅದು ನೀರಿಗೆ ಬರುವವರಿಗೆ ಎಂದು. ವಾರೀಸುದಾರರಲ್ಲದವರಿಗೆ ವಸಿಯ್ಯತ್ ಮಾಡುವುದಾದರೆ ಸೊತ್ತಿನ ಮೂರರಲ್ಲೊಂದನ್ನು ಮೀರಬಾರದು ಎಂಬುದು ನಿಯಮ. ಅಳೆದು ನೋಡಿದೆವು. ಮೀರುವುದಿಲ್ಲ, ಬಹಳ ಕಡಿಮೆಯೇ ಇದೆ. ಅದನ್ನು ಬಿಟ್ಟು ಉಳಿದದ್ದನ್ನು ತುಂಡು ಮಾಡಿದರೆ ಯಾರಿಗೂ ಉಪಯೋಗವಿಲ್ಲ. ಆದ್ದರಿಂದ ಮರಗಳನ್ನು ಹಾಗೆಯೇ ಉಳಿಸಿ, ಫಸಲಿನ ಹಣವನ್ನು ಏಳು ಪಾಲು ಮಾಡಿ ಹಂಚಿಕೊಳ್ಳುವುದೆಂದು ಒಪ್ಪಿದೆವು. ಲೆಕ್ಕ ಬರೆಯುವ ಜವಾಬ್ದಾರಿ ತಂಗಿಗೆ.

ಅಸರ್ ನಮಾಝ್ ಮುಗಿಸಿ ನಾನು ಸುರಂಗದ ಬಳಿ ಹೋದೆ. ಡಿಸೆಂಬರಾದ್ದರಿಂದ ನೀರು ಚೆನ್ನಾಗಿಯೇ ಹರಿಯುತ್ತಿತ್ತು. ಕೆಳಗಿನ ಮನೆಯ ಸೊಸೆ ಇರಬೇಕು, ಟಾಂಕಿಯ ಬಳಿ ಕೊಡಪಾನ ಇಟ್ಟು ಹೋಗಿದ್ದಳು. ಒಂದು ಗಿಡ ನೆಟ್ಟರೆ ಅದರಿಂದ ಮನುಷ್ಯ, ಹಕ್ಕಿ, ಪ್ರಾಣಿ ಯಾವುದು ತಿಂದರೂ ನೆಟ್ಟವನಿಗೆ ಅದು ದಾನವಾಗುತ್ತದೆ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಉಮ್ಮ ಎಷ್ಟು ಗಿಡ ನೆಟ್ಟರು, ಎಷ್ಟು ಕೊಡಪಾನ ತುಂಬಿಸಿದರು ಎಂಬ ಲೆಕ್ಕ ನಮ್ಮ ಯಾವ ಪುಸ್ತಕದಲ್ಲೂ ಇಲ್ಲ. ಲೆಕ್ಕ ಇಡುವವನು ಇಟ್ಟಿದ್ದಾನೆ.

ಸಹೋದರಿಯರೇ, ಈ ಬರಹ ಓದುವ ನಿಮ್ಮಲ್ಲಿ ಎಷ್ಟೋ ಮಂದಿ ತಾಯಂದಿರಿದ್ದೀರಿ. ನಾಳೆ ನಿಮ್ಮ ಮನೆಯ ಜಗಲಿಯಲ್ಲಿಯೂ ಜಾಗದ ಮಾತು ಬರಬಹುದು. ನನ್ನಂತೆ ಕಿತಾಬು ಓದಿದ ಮಗ ಬಾಯಿ ಮುಚ್ಚಿ ಕುಳಿತಿರಲೂಬಹುದು. ಆಗ ಬಾಗಿ­ಲ ಹಿಂದೆಯೇ ಉಳಿಯಬೇಡಿ. ಒಂದು ಪ್ರಶ್ನೆ ಕೇಳಿದರೆ ಸಾಕು. ಸಹೋದರರೇ, ನಿಮ್ಮ ಮನೆಯ ಪಾಲುಪಟ್ಟಿಯನ್ನು ಒಮ್ಮೆ ತೆಗೆದು ನೋಡಿ. ತಂಗಿಯ ಮುಂದೆ ಇರಬೇಕಾದ ಅಡಿಕೆ ಅಲ್ಲಿದೆಯೇ, ಇಲ್ಲಾ ನಿಮ್ಮ ಕಿಸೆಯಲ್ಲಿದೆಯೇ?

ಅಲ್ಲಾಹನು ನನ್ನ ಉಮ್ಮನ ಕಬರನ್ನು ಬೆಳಗಿಸಲಿ. ದುಡಿದು ದಣಿದು ಹೋದ ನಮ್ಮೆಲ್ಲರ ತಾಯಂದಿರಿಗೂ ಸ್ವರ್ಗದಲ್ಲಿ ವಿಶ್ರಾಂತಿ ನೀಡಲಿ. ಆಮೀನ್.